ಕೆಲಸದ ಜಾಗದ ಅಕ್ರಮ ಹೇಳುವ ಮುಂಚೆ: ಯಾವ ಬಾಗಿಲು ತಟ್ಟಬೇಕು, ಯಾವ ಕಾಗದ ಕೈಯಲ್ಲಿರಬೇಕು

ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನೀವು ಗುಮಾಸ್ತರು ಅಂದುಕೊಳ್ಳಿ. ಮಾರ್ಚ್ ಕೊನೆ, ಸಾಲಗಳನ್ನು ರಿನ್ಯೂವಲ್ ಮಾಡುವ ಗಡಿಬಿಡಿ. ಒಂದು ಫೈಲ್ ತೆಗೆದರೆ ಅದರಲ್ಲಿ ನಿಮ್ಮ ಬೀದಿಯ ಅಜ್ಜನ ಸಹಿ ಇದೆ, ಹೋದ ವಾರದ ತಾರೀಕು. ಅಜ್ಜ ತೀರಿಕೊಂಡು ಎರಡು ವರ್ಷ ಆಯಿತು. ತಿಥಿ ಊಟಕ್ಕೆ ನೀವೇ ಹೋಗಿ ಬಂದಿದ್ದಿರಿ. ಕೇಳಿದರೆ ಮ್ಯಾನೇಜರ್ ತಲೆ ಎತ್ತದೆ ಹೇಳುತ್ತಾರೆ: "ನಿಂಗ್ಯಾಕಪ್ಪ ಅದೆಲ್ಲ? ಎಂಟ್ರಿ ಹಾಕು, ಹೋಗು."

ಇಂಥ ಹೊತ್ತಲ್ಲಿ ಜಾಸ್ತಿ ಜನ ಸುಮ್ನಿದ್ದುಬಿಡುತ್ತಾರೆ. ಕೆಲವರು ಸಿಟ್ಟಿನಲ್ಲಿ ಫೈಲಿನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿಬಿಡುತ್ತಾರೆ. ನೋಡಲು ಧೈರ್ಯದ ಕೆಲಸವೇ. ಆದರೆ ಅದರಿಂದ ಸಿಕ್ಕಿಹಾಕಿಕೊಳ್ಳುವುದು ಹಾಕಿದವರೇ. ಅಧಿಕಾರ ಇರುವವರ ಮುಂದೆ ಒಳ್ಳೆ ಉದ್ದೇಶದಿಂದ ಆರೋಪ ಹೇಳಿದರೆ ಅದು ಮಾನಹಾನಿ ಆಗುವುದಿಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ವಿನಾಯಿತಿ ಕೊಟ್ಟಿದೆ. ಗ್ರೂಪಿಗೆ ಹಾಕಿದ ಫೋಟೋಗೆ ಆ ವಿನಾಯಿತಿ ಸಿಗೋದು ಕಷ್ಟ. ಮೇಲಾಗಿ ಗ್ರಾಹಕರ ಖಾತೆ ವಿವರ ಹೊರಗೆ ಬಿಟ್ಟಿರಿ ಅಂತ ನಿಮ್ಮ ಮೇಲೇ ನೋಟಿಸ್ ಬರುತ್ತದೆ. ಅಲ್ಲಿಗೆ ಅಜ್ಜನ ಸಹಿಯ ಮಾತು ಎಲ್ಲರಿಗೂ ಮರೆತೇ ಹೋಗಿರುತ್ತದೆ.

ಹಾಗಾಗಿ ಬಾಯಿ ಬಿಡುವ ಮುಂಚೆ ಎರಡು ವಿಷಯ ತೀರ್ಮಾನ ಆಗಬೇಕು: ದೂರು ಯಾರಿಗೆ, ಮತ್ತು ಕೈಯಲ್ಲಿ ಏನಿದೆ. ನಿಮಗೆ ರಕ್ಷಣೆ ಎಷ್ಟು ಸಿಗುತ್ತದೆ ಅನ್ನೋದು ಬಹುಪಾಲು ಇವೆರಡರ ಮೇಲೇ ನಿಂತಿದೆ.

ಕಾಯ್ದೆ ಇದೆ, ಜಾರಿ ಇಲ್ಲ

ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ಆಗಿದೆ, 2014ರ ವಿಷಲ್ ಬ್ಲೋವರ್ಸ್ ಪ್ರೊಟೆಕ್ಷನ್ ಆಕ್ಟ್. ಸಂಸತ್ತು ಒಪ್ಪಿತು, ಆ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಇಂಥ ದಿನದಿಂದ ಜಾರಿ ಅಂತ ಹೇಳುವ ಅಧಿಸೂಚನೆ ಹೊರಡಲೇ ಇಲ್ಲ. ಒಂದು ವೇಳೆ ಜಾರಿಯಾದರೂ ಅದು ಸರ್ಕಾರಿ ಕಡೆಯ ಭ್ರಷ್ಟಾಚಾರಕ್ಕೆ ಮಾತ್ರ. ಖಾಸಗಿ ಮಿಲ್ಲು, ನರ್ಸಿಂಗ್ ಹೋಮ್, ಬಟ್ಟೆ ಅಂಗಡಿ ಅದರೊಳಗೆ ಬರುವುದಿಲ್ಲ. "ವಿಷಲ್ ಬ್ಲೋವರ್ ಕಾಯ್ದೆ ಇದೆ, ಹೆದರಬೇಡಿ" ಅಂತ ಯಾರಾದರೂ ಬೆನ್ನು ತಟ್ಟಿದರೆ ಆ ಮಾತು ನಂಬಿ ಹೆಜ್ಜೆ ಇಡಬೇಡಿ.

ಜಾರಿಯಲ್ಲಿರುವುದು 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಒಂದು ನಿರ್ಣಯ. ಪಿಐಡಿಪಿಐ ಅಂತ ಕರೆಯುತ್ತಾರೆ, ಅಕ್ರಮ ತಿಳಿಸಿದವರ ಹೆಸರು ಗುಟ್ಟಾಗಿಟ್ಟು ಅವರನ್ನು ಕಾಯುವ ವ್ಯವಸ್ಥೆ. ಅದರ ಹಿಂದೆ ಒಂದು ಸಾವಿದೆ. ನಮ್ಮ ಚಿತ್ರದುರ್ಗ, ದಾವಣಗೆರೆ ದಾಟಿ ಹೋಗುವ ಹೆದ್ದಾರಿ ಇದೆಯಲ್ಲ, ಅದು ಸುವರ್ಣ ಚತುಷ್ಕೋನ ಯೋಜನೆಯದು. ಅದೇ ಯೋಜನೆಯ ಬಿಹಾರದ ಭಾಗದಲ್ಲಿ ಎಂಜಿನಿಯರ್ ಆಗಿದ್ದವರು ಸತ್ಯೇಂದ್ರ ದುಬೆ. ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಸಿಬಿಐ ಅದನ್ನು ದರೋಡೆಯ ಕೊಲೆ ಅಂತ ಹೇಳಿತು. ಏನೇ ಇರಲಿ, ಹೆಸರು ಸೋರಿದ ಆ ಪತ್ರದಿಂದಲೇ ಈ ನಿರ್ಣಯ ಹುಟ್ಟಿದ್ದು. ಅದರ ಕಟ್ಟುನಿಟ್ಟೆಲ್ಲ ಲಕೋಟೆಯ ಸುತ್ತ ಇರುವುದು ಅದಕ್ಕೇ.

ಮೊದಲ ಹಂತ: ನಿಮ್ಮ ಮಾಲೀಕರು ಯಾರು?

ರೈಲ್ವೆ, ಅಂಚೆ, ರಾಷ್ಟ್ರೀಕೃತ ಬ್ಯಾಂಕು, ಎಲ್‌ಐಸಿಯಂಥ ಕೇಂದ್ರದ ಕಡೆಯವರಾದರೆ ಬಾಗಿಲು ದೆಹಲಿಯ ಕೇಂದ್ರ ಜಾಗೃತ ಆಯೋಗ. ದೂರನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ 'ಪಿಐಡಿಪಿಐ ಅಡಿ ದೂರು' ಅಂತ ದೊಡ್ಡದಾಗಿ ಬರೆಯಿರಿ. ಲಕೋಟೆಯ ಮೇಲೆ ನಿಮ್ಮ ಹೆಸರು, ವಿಳಾಸ ಬೇಡ. ಒಳಗೆ ಬೇಕೇ ಬೇಕು, ಯಾಕೆಂದರೆ ಹೆಸರಿಲ್ಲದ ದೂರನ್ನು ಆಯೋಗ ತೆಗೆದುಕೊಳ್ಳುವುದಿಲ್ಲ. ಹೆಸರನ್ನು ಒಂದು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ, ದೂರಿನ ಒಡಲಲ್ಲಿ "ನಾನು ಈ ಶಾಖೆಯ ಕ್ಯಾಷಿಯರ್" ಅನ್ನುವಂಥ ಗುರುತು ಬಿಡಬೇಡಿ. ಮೂರೇ ಜನ ಸಿಬ್ಬಂದಿ ಇರುವ ಶಾಖೆಯಲ್ಲಿ ಅಷ್ಟು ಸುಳಿವು ಸಾಕು. ಆಯೋಗ ಸ್ವೀಕೃತಿ ಕಳಿಸುವುದಿಲ್ಲ, ಮತ್ತೆ ಮತ್ತೆ ಪತ್ರ ಬರೆಯಬೇಡಿ ಅಂತಲೂ ಹೇಳುತ್ತದೆ. ಉತ್ತರ ಬರಲಿಲ್ಲ ಅಂತ ಗಾಬರಿಯಾಗಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ. ಹೆಸರು ಗೊತ್ತಾಗಿ ಕಿರುಕುಳ ಶುರುವಾದರೆ ಮಾತ್ರ ಆಯೋಗಕ್ಕೆ ಮತ್ತೆ ಬರೆಯಿರಿ. ಕಿರುಕುಳ ನಿಲ್ಲಿಸಿ ಅಂತ ಸಂಸ್ಥೆಗೆ ಹೇಳುವ ಅಧಿಕಾರ ಅದಕ್ಕಿದೆ.

ತಾಲ್ಲೂಕು ಕಚೇರಿ, ಪಾಲಿಕೆ, ಬೆಸ್ಕಾಂ, ಸರ್ಕಾರಿ ಹಾಸ್ಟೆಲ್, ಜಿಲ್ಲಾಸ್ಪತ್ರೆ ಆದರೆ ಪಿಐಡಿಪಿಐ ಬರುವುದಿಲ್ಲ. ಅಲ್ಲಿ ಲೋಕಾಯುಕ್ತ. ನಿಗದಿತ ಫಾರಂ ಇದೆ, ಜೊತೆಗೆ ಅಫಿಡವಿಟ್ ಬೇಕು. ಭ್ರಷ್ಟಾಚಾರದ ಆರೋಪವಾದರೆ ಘಟನೆ ನಡೆದು ಐದು ವರ್ಷ ದಾಟಿರಬಾರದು. ದೂರುದಾರರ ಗುರುತನ್ನು ಸಾರ್ವಜನಿಕರಿಗೂ ಪತ್ರಿಕೆಯವರಿಗೂ ಬಿಟ್ಟುಕೊಡಬಾರದು ಅಂತ 1984ರ ಲೋಕಾಯುಕ್ತ ಕಾಯ್ದೆಯಲ್ಲಿದೆ. ಆದರೆ ತನಿಖೆಗೆ ತೆಗೆದುಕೊಂಡ ಮೇಲೆ ದೂರಿನ ಪ್ರತಿ ಆರೋಪ ಹೊತ್ತ ಅಧಿಕಾರಿಗೂ ಹೋಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಬಹಳ ಜನಕ್ಕೆ ಆಮೇಲೆ ತಿಳಿಯುತ್ತದೆ. ಅಂದರೆ ಲೋಕಾಯುಕ್ತಕ್ಕೆ ಹೋಗುವಾಗ ನಿಮ್ಮ ಸಾಹೇಬರಿಗೆ ಒಂದಲ್ಲ ಒಂದು ದಿನ ಹೆಸರು ತಿಳಿಯುತ್ತದೆ ಅಂತ ಎಣಿಸಿಕೊಂಡೇ ಹೋಗಬೇಕು.

ಲಂಚದ ಮಾತು ಸ್ವಲ್ಪ ಬೇರೆ. ಬಿಲ್ ಪಾಸ್ ಮಾಡಲು ಪರ್ಸೆಂಟೇಜ್ ಕೇಳುತ್ತಿದ್ದಾರೆ, ನಿಮ್ಮ ಕೈಯಿಂದಲೇ ಕೊಡಿಸುತ್ತಿದ್ದಾರೆ ಅಂದರೆ ಕೊಡುವ ಮುಂಚೆಯೇ ಜಿಲ್ಲಾ ಕೇಂದ್ರದ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಪೊಲೀಸರಿಗೆ ಹೇಳಿ, ಅವರು ಹೇಳಿದಂತೆ ಹಣ ಕೊಟ್ಟವರ ಮೇಲೆ ಲಂಚ ಕೊಟ್ಟ ಕೇಸು ಬೀಳುವುದಿಲ್ಲ. ಬಲವಂತಕ್ಕೆ ಆಗಲೇ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. 2018ರ ತಿದ್ದುಪಡಿ ಆದಮೇಲಿನ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂ ಇಷ್ಟೇ ದಿನ ಕೊಡುತ್ತದೆ. ಎಂಟನೇ ದಿನ ಹೋದರೆ ನೀವೂ ಆರೋಪಿಯಾಗಬಹುದು.

ಇನ್ನು ಖಾಸಗಿ. ಹರಿಹರ, ಹಿರಿಯೂರು ಕಡೆ ದೊಡ್ಡ ಕಂಪನಿಯ ಘಟಕದಲ್ಲೋ ಖಾಸಗಿ ಬ್ಯಾಂಕಿನ ಶಾಖೆಯಲ್ಲೋ ಇದ್ದೀರಿ ಅಂದರೆ ಮೊದಲು ಆ ಕಂಪನಿಯ ವೆಬ್‌ಸೈಟಿನಲ್ಲಿ 'ವಿಜಿಲ್ ಮೆಕ್ಯಾನಿಸಂ', ಅಂದರೆ ಅಕ್ರಮದ ದೂರು ಹೇಳುವ ವ್ಯವಸ್ಥೆ, ಅನ್ನುವ ಪುಟ ಹುಡುಕಿ. 2013ರ ಕಂಪನಿ ಕಾಯ್ದೆಯ 177ನೇ ಕಲಂ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು, ಜನರಿಂದ ಠೇವಣಿ ಪಡೆಯುವ ಕಂಪನಿಗಳು, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿಗಳು ಈ ವ್ಯವಸ್ಥೆ ಇಡಲೇಬೇಕು. ದೂರು ಹೇಳಿದವರಿಗೆ ತೊಂದರೆ ಕೊಡದ ಹಾಗೆ ನೋಡಿಕೊಳ್ಳುವುದೂ ಅದರೊಳಗೇ ಬರುತ್ತದೆ. ಸ್ಥಳೀಯ ಎಚ್‌ಆರ್ ಮೇಲೆ ನಂಬಿಕೆ ಇಲ್ಲದಿದ್ದರೆ ನೇರವಾಗಿ ಕಂಪನಿಯ ಲೆಕ್ಕಪತ್ರದ ಮೇಲೆ ಕಣ್ಣಿಡುವ ಆಡಿಟ್ ಕಮಿಟಿಯ ಅಧ್ಯಕ್ಷರಿಗೇ ಬರೆಯುವ ದಾರಿ ಇದೆ. ಅಪರೂಪದ ಸಂದರ್ಭಕ್ಕೆ ಅಂತ ಕಾಯ್ದೆ ಹೇಳುತ್ತದೆ. ನಿಮ್ಮ ಘಟಕದ ಮುಖ್ಯಸ್ಥರೇ ಅಕ್ರಮದಲ್ಲಿದ್ದರೆ ಅದಕ್ಕಿಂತ ಅಪರೂಪದ್ದು ಇನ್ನೇನು ಬೇಕು, ಅಲ್ವಾ?

ಚಳ್ಳಕೆರೆಯ ಎಣ್ಣೆ ಮಿಲ್ಲು, ದಾವಣಗೆರೆಯ ರೈಸ್ ಮಿಲ್ಲು, ಮಂಡಕ್ಕಿ ಭಟ್ಟಿ ಅಂದರೆ ಆಡಿಟ್ ಕಮಿಟಿ ಎಲ್ಲಿಂದ ಬರಬೇಕು? ಅಲ್ಲಿ ವಿಷಯ ನೋಡಿ ಕಚೇರಿ ಆರಿಸಿ. ಸಂಬಳ, ಓಟಿ, ಮಕ್ಕಳಿಂದ ಕೆಲಸ ಆದರೆ ಜಿಲ್ಲಾ ಕಾರ್ಮಿಕ ಅಧಿಕಾರಿ. ಸಂಬಳದಲ್ಲಿ ಪಿಎಫ್ ಹಿಡಿದು ಕಟ್ಟದೆ ಇದ್ದರೆ ಪಿಎಫ್ ಕಚೇರಿ. ಬಾಯ್ಲರ್ ವಾಲ್ವ್ ಕೆಟ್ಟಿದೆ, ಹಾಗೇ ಓಡಿಸುತ್ತಿದ್ದಾರೆ ಅಂದರೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ. ಅದು ಕಾರ್ಮಿಕ ಅಧಿಕಾರಿಯ ಟೇಬಲ್‌ಗೆ ಬರುವ ವಿಷಯ ಅಲ್ಲ. ಚಿತ್ರದುರ್ಗ ಕಡೆಯ ಗಣಿಯ ಸುರಕ್ಷತೆಯಾದರೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಕಾರ್ಖಾನೆ ಇನ್‌ಸ್ಪೆಕ್ಟರ್ ದೂರು ಕೊಟ್ಟವರು ಯಾರು ಅಂತ ಹೊರಗೆ ಹೇಳಬಾರದು ಅನ್ನೋದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೇ ತಿಳಿಸುವ ಹಕ್ಕನ್ನು ಹೊಸ ಸುರಕ್ಷತಾ ಸಂಹಿತೆಯೂ ಕೊಟ್ಟಿದೆ.

ನಮ್ಮ ಗುಮಾಸ್ತರ ಬಾಗಿಲು ಇವು ಯಾವುದೂ ಅಲ್ಲ. ಸಹಕಾರ ಸಂಘಗಳ ಉಪ ನಿಬಂಧಕರು, ಜನರ ಬಾಯಲ್ಲಿ ಡಿಆರ್ ಆಫೀಸು. 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂನಲ್ಲಿ ಅವರು ತಾವಾಗಿಯೇ ವಿಚಾರಣೆಗೆ ಆದೇಶ ಮಾಡಬಹುದು. ಆದರೆ ಸಂಘದ ಹೆಸರಿನ ಬೋರ್ಡ್ ಒಂದು ಸಲ ನೋಡಿ. 'ಸೌಹಾರ್ದ' ಅಂತ ಇದ್ದರೆ ಕಾಯ್ದೆಯೇ ಬೇರೆ, 1997ರದ್ದು. ತಪ್ಪು ಕಾಯ್ದೆ ಬರೆದ ದೂರು ಟೇಬಲ್‌ನಿಂದ ಟೇಬಲ್‌ಗೆ ಅಲೆಯುತ್ತದೆ, ಅಲೆದಷ್ಟೂ ನಿಮ್ಮ ಹೆಸರು ನಾಲ್ಕು ಜನರಿಗೆ ಗೊತ್ತಾಗುತ್ತದೆ.

ಎರಡನೇ ಹಂತ: ಕಾಗದ

ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಆಫೀಸಿನ ಡೈರಿ ಬೇಡ, ಆಫೀಸಿನ ಕಂಪ್ಯೂಟರ್ ಅಂತೂ ಬೇಡವೇ ಬೇಡ. ತಾರೀಕು, ಹೊತ್ತು, ಯಾರಿದ್ದರು, ಏನು ಹೇಳಿದರು, ಯಾವ ಫೈಲ್ ನಂಬರ್. ಅದೇ ದಿನ ಬರೆಯಿರಿ. ಮೂರು ತಿಂಗಳ ಮೇಲೆ ನೆನಪಿನಿಂದ ಬರೆದದ್ದಕ್ಕೂ ಅದೇ ರಾತ್ರಿ ಬರೆದದ್ದಕ್ಕೂ ವಿಚಾರಣೆಯಲ್ಲಿ ಬಹಳ ವ್ಯತ್ಯಾಸ ಇದೆ.

ದಾಖಲೆಯ ವಿಷಯದಲ್ಲಿ ಒಂದು ಗೆರೆ ಹಾಕಿಕೊಳ್ಳಿ: ನಿಮ್ಮ ಕೆಲಸದ ಭಾಗವಾಗಿ ನಿಮ್ಮ ಕೈಗೆ ಬಂದದ್ದು ಮಾತ್ರ. ಬೇರೆಯವರ ಡ್ರಾ ತೆಗೆಯುವುದು, ಮ್ಯಾನೇಜರ್ ಪಾಸ್‌ವರ್ಡ್ ಹಾಕಿ ನೋಡುವುದು, ಅಸಲು ರಿಜಿಸ್ಟರ್ ಮನೆಗೆ ಒಯ್ಯುವುದು ಎಲ್ಲ ಬೇರೆ ಕೇಸಿಗೆ ದಾರಿ. ಜೆರಾಕ್ಸ್ ಸಿಗದಿದ್ದರೂ ಚಿಂತೆ ಇಲ್ಲ. ಖಾತೆ ನಂಬರ್, ವೋಚರ್ ನಂಬರ್, ತಾರೀಕು, ರಿಜಿಸ್ಟರಿನ ಪುಟ ಬರೆದಿಟ್ಟುಕೊಂಡರೆ ಸಾಕು. ಅಸಲನ್ನು ತರಿಸುವುದು ವಿಚಾರಣಾಧಿಕಾರಿಯ ಕೆಲಸ.

ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಅಥವಾ ಮೆಸೇಜ್ ಇದ್ದರೆ ಆ ಫೋನನ್ನೇ ಜೋಪಾನ ಮಾಡಿ. ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಸಾಕ್ಷ್ಯದ ಪ್ರತಿ ಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಒಂದು ಸರ್ಟಿಫಿಕೇಟ್ ಇರಬೇಕು. ಅಸಲು ಫೋನೇ ಇಲ್ಲದಿದ್ದರೆ ಫಾರ್ವರ್ಡ್ ಆದ ಪ್ರತಿಗೆ ಸರ್ಟಿಫಿಕೇಟ್ ಕೊಡುವುದು ಕಷ್ಟ.

ಆರ್‌ಟಿಐ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು. ಒಳ್ಳೆಯ ಅಸ್ತ್ರವೇ. ಆದರೆ ದೂರು ಕೊಡುವ ಮುಂಚೆ ನಿಮ್ಮದೇ ಕಚೇರಿಗೆ, ನಿಮ್ಮದೇ ಹೆಸರಲ್ಲಿ, ಅದೇ ಫೈಲಿನ ಬಗ್ಗೆ ಆರ್‌ಟಿಐ ಹಾಕುವುದು ಅಂದರೆ ನಾನೇ ಅಂತ ಸಾರಿದ ಹಾಗೆ. ಅದನ್ನು ಆಮೇಲೆ, ದೂರು ಎಲ್ಲಿಗೆ ಬಂತು ಅಂತ ತಿಳಿಯಲು ಇಟ್ಟುಕೊಳ್ಳಿ.

ಮೂರನೇ ಹಂತ: ದೂರು ಬರೆಯುವುದು

ಒಂದೂವರೆ ಪುಟ ಸಾಕು. "ಭ್ರಷ್ಟರ ಕೂಟ", "ಲೂಟಿಕೋರರು" ಇಂಥ ಮಾತು ಬರೆದರೆ ಓದುವ ಅಧಿಕಾರಿ ಇದು ಹಗೆತನದ ದೂರು ಅಂತ ಪಕ್ಕಕ್ಕಿಡುತ್ತಾರೆ. ಹೀಗೆ ಬರೆದು ನೋಡಿ:

"ದಿನಾಂಕ ಇಂಥದ್ದರಂದು ಸಾಲದ ಖಾತೆ ಸಂಖ್ಯೆ ಇಂಥದ್ದನ್ನು ನವೀಕರಿಸಲಾಗಿದೆ. ಅರ್ಜಿಯಲ್ಲಿ ಸಾಲಗಾರರ ಸಹಿ ಇದೆ. ಸದರಿ ಸಾಲಗಾರರು ಅದಕ್ಕೂ ಎರಡು ವರ್ಷ ಮೊದಲೇ ಮೃತಪಟ್ಟಿದ್ದಾರೆ. ಇದನ್ನು ಪಾಲಿಕೆಯ ಮರಣ ನೋಂದಣಿಯಿಂದ ಖಚಿತ ಮಾಡಿಕೊಳ್ಳಬಹುದು. ಇದೇ ತಿಂಗಳಲ್ಲಿ ನವೀಕರಿಸಿದ ಉಳಿದ ಖಾತೆಗಳನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ."

ನೋಡಿ, ಇದರಲ್ಲಿ ಯಾರನ್ನೂ ಕಳ್ಳ ಅಂದಿಲ್ಲ. ಆದರೆ ಅಧಿಕಾರಿ ಎಲ್ಲಿ ಹೋಗಿ ಏನು ನೋಡಬೇಕು ಅನ್ನೋದು ಪೂರ್ತಿ ಇದೆ. ಕಣ್ಣಾರೆ ಕಂಡದ್ದು ಒಂದು ಪ್ಯಾರಾ, ಕಿವಿಯಾರೆ ಕೇಳಿದ್ದು ಬೇರೆ ಪ್ಯಾರಾ, ನಿಮ್ಮ ಅನುಮಾನ ಕೊನೆಗೆ. ಮೂರನ್ನೂ ಕಲಸಬೇಡಿ. ಕೊನೆಯಲ್ಲಿ "ನನ್ನ ಗುರುತು ಗೋಪ್ಯವಾಗಿಡಬೇಕು" ಅಂತ ಒಂದು ಸಾಲು ಬರೆಯಿರಿ. ಆರ್‌ಟಿಐ ಕಾಯ್ದೆಯ 8(1)(ಜಿ) ಕಲಂ ಅಡಿ ಗುಟ್ಟಾಗಿ ಮಾಹಿತಿ ಕೊಟ್ಟವರ ಗುರುತನ್ನು ತಡೆಹಿಡಿಯಲು ಅವಕಾಶ ಇದೆ. ಆ ಸಾಲು ಇದ್ದರೆ ಅಧಿಕಾರಿಗೂ ಅನುಕೂಲ.

ಕೈಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಇಟ್ಟು ಹೋಗ್ರಿ, ಸಾಹೇಬ್ರು ಬಂದ್ಮೇಲೆ ನೋಡ್ತಾರೆ" ಅಂದರೆ ಇಟ್ಟು ಬರಬೇಡಿ. ಅಂಚೆಯಲ್ಲಿ ಕಳಿಸುವುದಾದರೆ, ಹಿಂದಿನ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಆ ರಸೀದಿಯ ಮಸಿ ಕೆಲವೇ ತಿಂಗಳಿಗೆ ಅಳಿಸಿಹೋಗುತ್ತದೆ.

ನಾಲ್ಕನೇ ಹಂತ: ತಿರುಗಿ ಬೀಳುವ ಕಾಲ

ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆದೆವು ಅಂತ ಯಾರೂ ಬರೆದುಕೊಡುವುದಿಲ್ಲ. ಹತ್ತು ವರ್ಷದಲ್ಲಿ ಇಲ್ಲದ ಲೇಟ್ ಮಾರ್ಕ್ ಈಗ ಬೀಳುತ್ತದೆ. ದಾವಣಗೆರೆಯಿಂದ ಮೊಳಕಾಲ್ಮೂರಿಗೆ ವರ್ಗ ಆಗುತ್ತದೆ. ಕ್ಯಾಷ್ ಕಡಿಮೆ ಬಂತು ಅಂತ ಷೋಕಾಸ್ ನೋಟಿಸ್ ಬರುತ್ತದೆ. ಆಗ ಇನ್‌ವರ್ಡ್ ಸೀಲಿನ ತಾರೀಕು ಮಾತಾಡಲು ಶುರು ಮಾಡುತ್ತದೆ: ದೂರು ಮೊದಲು, ನೋಟಿಸ್ ಆಮೇಲೆ. ಹಳೆಯ ಸಂಬಳದ ಚೀಟಿ, ಇನ್‌ಕ್ರಿಮೆಂಟ್ ಪತ್ರ, ಒಳ್ಳೆ ಕೆಲಸಕ್ಕೆ ಕೊಟ್ಟ ಸರ್ಟಿಫಿಕೇಟ್ ಎಲ್ಲ ದೂರು ಕೊಡುವ ಮುಂಚೆಯೇ ಮನೆಯಲ್ಲಿರಲಿ.

ನೋಟಿಸಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಸಿಟ್ಟಿಗೆ ಉತ್ತರ ಕೊಡದೆ ಇರುವುದು ಅವರಿಗೇ ಲಾಭ. ಖಾಲಿ ಹಾಳೆಗೆ ಸಹಿ ಬೇಡ. ರಾಜೀನಾಮೆಯಂತೂ ಯಾವ ಕಾರಣಕ್ಕೂ ಬೇಡ. "ನೀವೇ ಬಿಟ್ಟು ಹೋದರೆ ಮರ್ಯಾದೆ ಉಳಿಯುತ್ತೆ" ಅಂತ ಹಿರಿಯರೊಬ್ಬರನ್ನು ಕಳಿಸಿ ಹೇಳಿಸುತ್ತಾರೆ. ರಾಜೀನಾಮೆ ಕೊಟ್ಟವರನ್ನು ಕೆಲಸದಿಂದ ತೆಗೆದರು ಅಂತ ಸಾಬೀತು ಮಾಡುವುದು ಬಹಳ ಕಷ್ಟ. ಬಲವಂತಕ್ಕೆ ಬರೆದುಕೊಟ್ಟಿದ್ದರೆ ಅದೇ ದಿನ ಇಮೇಲ್ ಮಾಡಿ, ಒತ್ತಾಯದಿಂದ ಬರೆಸಿಕೊಂಡಿದ್ದಾರೆ, ಹಿಂತೆಗೆದುಕೊಳ್ಳುತ್ತಿದ್ದೇನೆ ಅಂತ ತಿಳಿಸಿ.

ಅಮಾನತು ಮಾಡಿದರೆ ಬರಿಗೈಯಲ್ಲಿ ಕೂರಿಸುವಂತಿಲ್ಲ. ಸ್ಥಾಯಿ ಆದೇಶ, ಅಂದರೆ ನೌಕರಿಯ ಷರತ್ತುಗಳ ಲಿಖಿತ ನಿಯಮ, ಅನ್ವಯಿಸುವ ಕಡೆ ಮೊದಲ 90 ದಿನ ಅರ್ಧ ಸಂಬಳ, ನಿಮ್ಮಿಂದ ತಡವಾಗದೆ ವಿಚಾರಣೆ ಎಳೆದರೆ ಆಮೇಲೆ 75 ಪರ್ಸೆಂಟ್ ಜೀವನಾಧಾರ ಭತ್ಯೆ ಕೊಡಬೇಕು. ಕೇಳದಿದ್ದರೆ ಕೊಡದೆ ಇರುವವರೇ ಜಾಸ್ತಿ, ಬರೆದು ಕೇಳಿ.

ಕೆಲಸದಿಂದಲೇ ತೆಗೆದರೆ? 2025ರ ನವೆಂಬರ್ 21ರಿಂದ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸೇಡಿಗಾಗಿ ಕೆಲಸದಿಂದ ತೆಗೆಯುವುದು ಹಿಂದಿನಂತೆ ಇದರಲ್ಲೂ ಅನುಚಿತ ಕಾರ್ಮಿಕ ಪದ್ಧತಿ. ಒಬ್ಬರೇ ಆದರೂ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಹಾಕಬಹುದು, 45 ದಿನ ಆದಮೇಲೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷ ದಾಟಬಾರದು. ಹಿಂದೆ ಮೂರು ವರ್ಷ ಇತ್ತು, ಅದನ್ನು ನೆನೆಸಿಕೊಂಡು ಕಾಯಬೇಡಿ. ಮ್ಯಾನೇಜರ್ ದರ್ಜೆಯವರು, ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳು ಇದರೊಳಗೆ ಬರುವುದಿಲ್ಲ. ಸಹಕಾರ ಸಂಘದ ನೌಕರರಿಗೆ 1959ರ ಕಾಯ್ದೆಯ 70ನೇ ಕಲಂ ಅಡಿ ನಿಬಂಧಕರ ಮುಂದೆ ದಾವೆ ಹೂಡುವ ದಾರಿ ಇದೆ. ರಾಜ್ಯ ಸರ್ಕಾರಿ ನೌಕರರಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ.

ಹೆಣ್ಣುಮಕ್ಕಳು ಕೊಡುವ ಲೈಂಗಿಕ ಕಿರುಕುಳದ ದೂರು

ಇದಕ್ಕೆ 2013ರ ಕಾಯ್ದೆ ಜಾರಿಯಲ್ಲಿದೆ, ಬಲವೂ ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದ ಚಿಕ್ಕ ಅಂಗಡಿ, ಮನೆಗೆಲಸ, ಅಥವಾ ಮಾಲೀಕರ ಮೇಲೇ ದೂರು ಅಂದರೆ ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆಯಾಗಿ ಮೂರು ತಿಂಗಳೊಳಗೆ ಕೊಡಬೇಕು, ಸಮಿತಿ ಒಪ್ಪಿದರೆ ಇನ್ನೂ ಮೂರು ತಿಂಗಳು. ವಿಚಾರಣೆ ನಡೆಯುವಾಗ ಬೇರೆ ಕಡೆ ವರ್ಗ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು. ದೂರುದಾರರ ಹೆಸರಷ್ಟೇ ಅಲ್ಲ, ಸಾಕ್ಷಿಗಳ ಹೆಸರನ್ನೂ ಹೊರಗೆ ಬಿಡುವಂತಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಅಕ್ಕಂದಿರು ಸಾಕ್ಷಿ ಹೇಳಲು ಹಿಂಜರಿದರೆ ಅವರಿಗೆ ಈ ಮಾತು ತಿಳಿಸಿ.

ಬೆದರಿಕೆ ಬಂದರೆ, ವಕೀಲರಿಗೆ ದುಡ್ಡಿಲ್ಲದಿದ್ದರೆ

ಮನೆ ಹತ್ತಿರ ಬಂದು ಗದರಿಸಿದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕ್ರಿಮಿನಲ್ ಕೇಸಿನಲ್ಲಿ ನೀವು ಸಾಕ್ಷಿಯಾಗಿದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಅದನ್ನು ನೋಡುತ್ತದೆ.

ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಅರ್ಹರು. ಸಹಾಯವಾಣಿ 15100. ದೂರು ಕೊಟ್ಟ ಮೇಲೆ ಹೋಗುವುದಕ್ಕಿಂತ ಕರಡು ಕೈಯಲ್ಲಿರುವಾಗಲೇ ಹೋಗುವುದು ಒಳ್ಳೆಯದು. ಆಧಾರ್ ಜೆರಾಕ್ಸ್, ನೇಮಕಾತಿ ಪತ್ರ ಅಥವಾ ಸಂಬಳದ ಚೀಟಿ, ಮತ್ತು ಆ ನೋಟ್‌ಬುಕ್ ಒಯ್ಯಿರಿ. ನೋಟ್‌ಬುಕ್ಕನ್ನು ತೋರಿಸಿ, ಬೇಕಾದರೆ ಜೆರಾಕ್ಸ್ ಕೊಡಿ. ಅಸಲನ್ನು ವಕೀಲರಿಗೂ ಕೊಟ್ಟು ಬರಬೇಡಿ.